ದಾದಿಯ ದಣಿವನ್ನು ಅಳೆಯಬಹುದೆ?

ಆಸ್ಪತ್ರೆಯಲ್ಲಿ ಅಳತೆಗೆ ಒಳಗಾಗದ ವಿಷಯ ಬಹಳ ಕಡಮೆ. ರೋಗಿಯ ಮೈಯ ಕಾವನ್ನು ಉಷ್ಣಮಾಪಕದಿಂದ ಅಳೆಯುತ್ತಾರೆ. ನಾಡಿಯ ಬಡಿತವನ್ನು ಗಡಿಯಾರ ನೋಡಿ ಎಣಿಸುತ್ತಾರೆ. ರಕ್ತದ ಒತ್ತಡ, ಉಸಿರಿನ ವೇಗ, ಕುಡಿದ ನೀರು, ಹೊರಹೋದ ಮೂತ್ರ ಎಲ್ಲವೂ ಅಂಕೆಗಳಾಗಿ ದಾಖಲೆಯನ್ನು ಸೇರುತ್ತವೆ. ಈ ಅಳತೆಗಳಲ್ಲಿ ಹೆಚ್ಚಿನವನ್ನು ಮಾಡುವವರು ನಾವು ವಾರ್ಡಿನಲ್ಲಿ ‘ಸಿಸ್ಟರ್’ ಎಂದು ಕರೆಯುವ ದಾದಿಯರು. (ಈ ವೃತ್ತಿಯಲ್ಲಿ ಗಂಡಸರೂ ಇದ್ದಾರೆ, ದಾದಿ ಎಂದಾಗ ಅವರೂ ಸೇರಿದ್ದಾರೆಂದು ವಾಚಕರು ತಿಳಿಯಬೇಕು.) ವೈದ್ಯರು ದಿನಕ್ಕೆ ಒಂದೆರಡು ಬಾರಿ ಬಂದು ನೋಡಿ ಹೋಗುವರು, ರೋಗಿಯ ಬಳಿಯಲ್ಲಿ ಹಗಲಿರುಳೂ ಇರುವವರು ದಾದಿಯರೇ. ಹೀಗೆ ಎಲ್ಲವನ್ನೂ ಅಳೆಯುವ ದಾದಿಯ ಮನಸ್ಸಿನ ದಣಿವನ್ನು ಅಳೆದವರು ಉಂಟೆ? ಅದನ್ನು ಅಳೆಯುವುದು ಸಾಧ್ಯವೆ? ಅಳೆದರೆ ಅದರಿಂದ ಯಾರಿಗೆ ಪ್ರಯೋಜನ?

ಈ ಬಗೆಯ ಪ್ರಶ್ನೆಗಳನ್ನು ಕೈಗೆತ್ತಿಕೊಂಡ ಶಾಸ್ತ್ರಕ್ಕೆ ಶುಶ್ರೂಷಾ ಸಂಶೋಧನೆ ಎಂದು ಹೆಸರು. ದಾದಿಯ ಕೆಲಸವೆಂದರೆ ವೈದ್ಯರ ಅಪ್ಪಣೆಯನ್ನು ನಡೆಸುವುದಷ್ಟೆ ಎಂದು ತಿಳಿದವರಿಗೆ, ಅದರಲ್ಲಿ ಸಂಶೋಧಿಸತಕ್ಕದ್ದು ಏನಿದೆ ಎಂದು ಸೋಜಿಗವಾಗಬಹುದು. ಆದರೆ ಈ ಶಾಸ್ತ್ರದ ಬೇರು ನೂರೈವತ್ತು ವರ್ಷಗಳಿಗೂ ಹಿಂದಿನದು. ೧೮೫೪ರಲ್ಲಿ ಕ್ರಿಮಿಯಾ ಯುದ್ಧದ ಕಾಲಕ್ಕೆ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲ್ ದೀಪ ಹಿಡಿದ ಮಹಿಳೆಯೆಂದು ಎಲ್ಲರಿಗೂ ಗೊತ್ತು. ಆಕೆ ಅಂಕೆಗಳನ್ನು ಹಿಡಿದ ಮಹಿಳೆಯೂ ಹೌದೆಂಬುದು ಅಷ್ಟಾಗಿ ಗೊತ್ತಿಲ್ಲ. ಯುದ್ಧದ ಗಾಯಗಳಿಗಿಂತ ಸೋಂಕುರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದನ್ನು ಆಕೆ ೧೮೫೮ರಲ್ಲಿ ನಕ್ಷೆಗಳ ಮೂಲಕ ತೋರಿಸಿದಳು. ಅದೇ ವರ್ಷ ಲಂಡನ್ನಿನ ಸಂಖ್ಯಾಶಾಸ್ತ್ರ ಸಂಘವು ಆಕೆಯನ್ನು ತನ್ನ ಮೊದಲನೆಯ ಮಹಿಳಾ ಸದಸ್ಯೆಯನ್ನಾಗಿ ಆರಿಸಿತು. ಆದರೆ ಆಕೆ ಅಳೆದದ್ದು ರೋಗಿಗಳ ಗತಿಯನ್ನು. ದಾದಿಯ ಮನಸ್ಸಾದರೋ ಅನಂತರ ಬಹುಕಾಲ ಅಳತೆಯ ಹೊರಗೇ ಉಳಿಯಿತು. ಸಹನೆ ದಾದಿಯ ಗುಣವೆಂದೂ, ದಣಿದೆನೆಂದು ಹೇಳುವುದು ಅವಳ ಕೊರತೆಯೆಂದೂ ಜನ ಭಾವಿಸಿದ್ದರು.

ಕಾರಣ ಎಲ್ಲಿದೆ?

ಈ ಭಾವನೆಯನ್ನು ಮೊದಲು ಅಲುಗಿಸಿದ ಅಧ್ಯಯನಗಳಲ್ಲಿ ಒಂದು ೧೯೬೦ರಲ್ಲಿ ಪ್ರಕಟವಾಯಿತು. ಲಂಡನ್ನಿನ ಒಂದು ಬೋಧನಾಸ್ಪತ್ರೆಯಲ್ಲಿ ದಾದಿಯರ ತರಬೇತಿಗೆ ಸೇರಿದ ವಿದ್ಯಾರ್ಥಿನಿಯರಲ್ಲಿ ಸುಮಾರು ಮೂರನೆಯ ಒಂದು ಭಾಗ ಅದನ್ನು ಮುಗಿಸದೆ ಬಿಟ್ಟುಹೋಗುತ್ತಿದ್ದರು. ಕಾರಣವನ್ನು ತಿಳಿಯಲು ಟ್ಯಾವಿಸ್ಟಾಕ್ ಸಂಸ್ಥೆಯ ಇಸಬೆಲ್ ಮೆಂಜೀಸ್ ಎಂಬ ಮನೋವಿಶ್ಲೇಷಕಿ ಅಲ್ಲಿನ ಕೆಲಸದ ಕ್ರಮವನ್ನು ಪರಿಶೀಲಿಸಿದಳು. ನೋವು, ಸಾವು, ದುಃಖ ಇವುಗಳ ನಡುವೆ ದುಡಿಯುವವರ ಮನಸ್ಸಿನಲ್ಲಿ ಆತಂಕ ಹುಟ್ಟುವುದು ಸಹಜ. ಆ ಆತಂಕವನ್ನು ದೂರವಿಡಲು ಆಸ್ಪತ್ರೆ ತನಗೆ ಅರಿವಿಲ್ಲದೆಯೇ ಕೆಲವು ಪದ್ಧತಿಗಳನ್ನು ಬೆಳೆಸಿಕೊಂಡಿತ್ತು. ಒಬ್ಬ ರೋಗಿಯ ಸೇವೆಯನ್ನು ಒಬ್ಬಳೇ ಮಾಡದೆ, ಹಲವರು ಹಲವು ತುಣುಕುಗಳಾಗಿ ಮಾಡುತ್ತಿದ್ದರು. ವಿದ್ಯಾರ್ಥಿನಿಯರನ್ನು ವಾರ್ಡಿನಿಂದ ವಾರ್ಡಿಗೆ ಮೇಲಿಂದ ಮೇಲೆ ವರ್ಗ ಮಾಡುತ್ತಿದ್ದರು. ರೋಗಿಯನ್ನು ಹೆಸರಿನಿಂದಲ್ಲ, ಹಾಸಿಗೆಯ ಸಂಖ್ಯೆಯಿಂದಲೋ ಕೆಟ್ಟ ಅವಯವದ ಹೆಸರಿನಿಂದಲೋ ಕರೆಯುವುದುಂಟು. ಇದರಿಂದ ದುಃಖ ದೂರವಾಗಲಿಲ್ಲ. ರೋಗಿಯನ್ನು ಗುಣಪಡಿಸಿ ಕಳಿಸುವ ಸಂತೋಷ ಮಾತ್ರ ದೂರವಾಯಿತು. ಮೆಂಜೀಸ್ ಕಂಡದ್ದು ಮುಖ್ಯವಾದ ಮಾತು: ಸಂಕಟದ ಮೂಲ ದಾದಿಯ ಸ್ವಭಾವದಲ್ಲಿ ಮಾತ್ರವಲ್ಲ, ಆಸ್ಪತ್ರೆಯ ಏರ್ಪಾಡಿನಲ್ಲಿಯೂ ಇದೆ.

ದಣಿವಿಗೆ ಒಂದು ಅಳತೆಗೋಲು

ಅಳೆಯಬೇಕಾದರೆ ಮೊದಲು ಹೆಸರು ಬೇಕು, ಬಳಿಕ ಅಳತೆಗೋಲು ಬೇಕು. ೧೯೭೪ರಲ್ಲಿ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್ ಎಂಬ ಮನಶ್ಶಾಸ್ತ್ರಜ್ಞ, ನ್ಯೂಯಾರ್ಕಿನ ಉಚಿತ ಚಿಕಿತ್ಸಾಲಯದಲ್ಲಿ ಉತ್ಸಾಹದಿಂದ ದುಡಿಯುತ್ತಿದ್ದವರು ಕೆಲಕಾಲದಲ್ಲಿಯೇ ಕುಗ್ಗಿಹೋಗುವುದನ್ನು ಗಮನಿಸಿ, ಆ ಸ್ಥಿತಿಯನ್ನು ‘ಬರ್ನ್‌ಔಟ್’ ಎಂಬ ಮಾತಿನಿಂದ ವರ್ಣಿಸಿದ. ಎಣ್ಣೆ ತೀರಿದ ದೀಪದಂತೆ ಉರಿದು ಆರಿಹೋಗುವುದು ಎಂದು ಅದರ ಭಾವ. ನಾವಿಲ್ಲಿ ಅದನ್ನು ‘ವೃತ್ತಿಬಳಲಿಕೆ’ ಎಂದು ಕರೆಯೋಣ.

೧೯೮೧ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ ಎಂಬ ಇಬ್ಬರು ವಿದುಷಿಯರು ಇದಕ್ಕೆ ೨೨ ವಾಕ್ಯಗಳ ಒಂದು ಪ್ರಶ್ನಾವಳಿಯನ್ನು ರಚಿಸಿದರು. ಅದು ಮೂರು ವಿಷಯಗಳನ್ನು ಬೇರೆಬೇರೆಯಾಗಿ ಅಳೆಯುತ್ತದೆ. ಮೊದಲನೆಯದು ಭಾವನೆಗಳು ಬತ್ತಿಹೋಗುವುದು. ಇದಕ್ಕೆ ೯ ವಾಕ್ಯಗಳು. ಎರಡನೆಯದು ಎದುರಿನವರನ್ನು ಮನುಷ್ಯರೆಂದಲ್ಲದೆ ವಸ್ತುಗಳೆಂಬಂತೆ ಕಾಣುವುದು, ಇದಕ್ಕೆ ೫. ಮೂರನೆಯದು ತನ್ನ ಕೆಲಸದಿಂದ ಏನಾದರೂ ಸಾಧಿಸಿದೆನೆಂಬ ತೃಪ್ತಿ, ಇದಕ್ಕೆ ೮. ಪ್ರತಿಯೊಂದು ಅನುಭವವೂ ತನಗೆ ಎಷ್ಟು ಸಲ ಆಗುತ್ತದೆಂಬುದನ್ನು ಉತ್ತರಿಸುವವರು ಹೇಳಬೇಕು. ಎಂದೂ ಇಲ್ಲವಾದರೆ ಸೊನ್ನೆ, ದಿನವೂ ಆದರೆ ೬. ಹೀಗೆ ಮೊದಲನೆಯ ವಿಭಾಗದಲ್ಲಿ ಅತಿ ಹೆಚ್ಚೆಂದರೆ ೫೪ ಅಂಕ ಬರಬಹುದು. ಕಾವನ್ನು ಪಾದರಸದ ಏರಿಕೆಯಿಂದ ತಿಳಿಯುವಂತೆ, ಮನಸ್ಸಿನ ಬಳಲಿಕೆಯನ್ನು ಈ ಅಂಕಗಳಿಂದ ತಿಳಿಯಬಹುದಾಯಿತು. ೨೦೧೯ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗವರ್ಗೀಕರಣದ ಹನ್ನೊಂದನೆಯ ಆವೃತ್ತಿಯಲ್ಲಿ ವೃತ್ತಿಬಳಲಿಕೆಗೆ ಸ್ಥಾನ ಕೊಟ್ಟಿತು. ಆದರೆ ಅದನ್ನು ರೋಗವೆಂದು ಕರೆಯದೆ, ಕೆಲಸಕ್ಕೆ ಸಂಬಂಧಪಟ್ಟ ಒಂದು ವಿದ್ಯಮಾನವೆಂದು ಕರೆಯಿತು. ಬಳಲಿದವನು ರೋಗಿಯೆಂದು ತಿಳಿದರೆ ಅವನಿಗೆ ಮದ್ದು ಹುಡುಕುತ್ತೇವೆ. ಕೆಲಸವೇ ಕಾರಣವೆಂದು ತಿಳಿದರೆ ಕೆಲಸವನ್ನು ಪರೀಕ್ಷಿಸುತ್ತೇವೆ. ಆದುದರಿಂದ ಈ ವ್ಯತ್ಯಾಸ ಸಣ್ಣದಲ್ಲ.

ಹತ್ತು ಸಾವಿರ ದಾದಿಯರ ಉತ್ತರ

ಇನ್ನು ಈ ಅಳತೆಗೋಲನ್ನು ಹಿಡಿದು ಆಸ್ಪತ್ರೆಗಳನ್ನೇ ಅಳೆದ ಒಬ್ಬ ವಿದುಷಿಯ ವಿಚಾರ. ಲಿಂಡಾ ಏಕನ್ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದಲ್ಲಿ ಶುಶ್ರೂಷೆಯನ್ನು ಕಲಿತು, ದಾದಿಯಾಗಿ ದುಡಿದು, ಬಳಿಕ ಟೆಕ್ಸಾಸ್ ವಿಶ್ವವಿದ್ಯಾನಿಲಯದಲ್ಲಿ ಸಮಾಜಶಾಸ್ತ್ರವನ್ನು ವ್ಯಾಸಂಗ ಮಾಡಿ ಡಾಕ್ಟರೇಟ್ ಪಡೆದವಳು. ೧೯೮೮ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯವನ್ನು ಸೇರಿ, ಆಸ್ಪತ್ರೆಗಳ ಫಲಿತಾಂಶಗಳನ್ನು ಅಧ್ಯಯನ ಮಾಡುವ ಒಂದು ಕೇಂದ್ರವನ್ನು ಕಟ್ಟಿದಳು. ವಾರ್ಡಿನ ಅನುಭವ, ಸಮಾಜಶಾಸ್ತ್ರದ ದೃಷ್ಟಿ, ಸಂಖ್ಯಾಶಾಸ್ತ್ರದ ಉಪಕರಣ ಈ ಮೂರೂ ಒಬ್ಬರಲ್ಲಿ ಕೂಡಿದ್ದು ಶಾಸ್ತ್ರಕ್ಕೆ ಲಾಭವಾಯಿತು.

ಏಕನ್ ಮತ್ತು ಆಕೆಯ ಸಹೋದ್ಯೋಗಿಗಳು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಪ್ರಸಿದ್ಧವಾದುದು. ಪೆನ್ಸಿಲ್ವೇನಿಯಾ ರಾಜ್ಯದ ೧೬೮ ಆಸ್ಪತ್ರೆಗಳ ೧೦,೧೮೪ ದಾದಿಯರಿಂದ, ಅವರು ನೋಡಿಕೊಳ್ಳುತ್ತಿದ್ದ ರೋಗಿಗಳ ಸಂಖ್ಯೆಯನ್ನೂ ಮ್ಯಾಸ್ಲಾಕ್ ಪ್ರಶ್ನಾವಳಿಗೆ ಉತ್ತರವನ್ನೂ ಪಡೆದರು. ಅದೇ ಆಸ್ಪತ್ರೆಗಳಲ್ಲಿ ೧೯೯೮ ಮತ್ತು ೧೯೯೯ರಲ್ಲಿ ಶಸ್ತ್ರಚಿಕಿತ್ಸೆಗೆ ಒಳಗಾದ ೨,೩೨,೩೪೨ ರೋಗಿಗಳ ದಾಖಲೆಗಳನ್ನು ಇದರೊಡನೆ ಜೋಡಿಸಿದರು. ದಾದಿಯೊಬ್ಬಳ ಪಾಲಿಗೆ ಒಬ್ಬ ರೋಗಿ ಹೆಚ್ಚಾದಾಗಲೆಲ್ಲ, ಅವಳು ವೃತ್ತಿಬಳಲಿಕೆಗೆ ಒಳಗಾಗುವ ಸಂಭವ ಶೇಕಡಾ ೨೩ರಷ್ಟೂ, ಕೆಲಸದಲ್ಲಿ ಅತೃಪ್ತಿಯ ಸಂಭವ ಶೇಕಡಾ ೧೫ರಷ್ಟೂ ಏರುತ್ತಿತ್ತು. ಅಷ್ಟೇ ಅಲ್ಲ, ರೋಗಿಯು ೩೦ ದಿನಗಳೊಳಗೆ ಸಾಯುವ ಸಂಭವವೂ ಶೇಕಡಾ ೭ರಷ್ಟು ಏರುತ್ತಿತ್ತು.

ಈ ಅಂಕೆಗಳ ಅರ್ಥವನ್ನು ವಿದ್ಯಾರ್ಥಿಗಳು ಸರಿಯಾಗಿ ಗ್ರಹಿಸಬೇಕು. ಇಲ್ಲಿ ಸಂಭವವೆಂದರೆ ಒಂದು ನಿಷ್ಪತ್ತಿ, ಎಂದರೆ ಆದವರಿಗೂ ಆಗದವರಿಗೂ ಇರುವ ಪ್ರಮಾಣ. ಉದಾಹರಣೆಗೆ, ಒಂದು ಆಸ್ಪತ್ರೆಯಲ್ಲಿ ದಾದಿಗೆ ೪ ರೋಗಿಗಳಿರುವಾಗ ನೂರು ದಾದಿಯರಲ್ಲಿ ೨೦ ಮಂದಿ ಬಳಲಿದವರು, ೮೦ ಮಂದಿ ಬಳಲದವರು ಎಂದು ಊಹಿಸೋಣ. ನಿಷ್ಪತ್ತಿ ೨೦ಕ್ಕೆ ೮೦, ಎಂದರೆ ೦.೨೫. ರೋಗಿಯೊಬ್ಬ ಹೆಚ್ಚಾದರೆ ಈ ನಿಷ್ಪತ್ತಿಯನ್ನು ೧.೨೩ರಿಂದ ಗುಣಿಸಬೇಕು, ಇನ್ನೊಬ್ಬ ಬಂದರೆ ಮತ್ತೆ ೧.೨೩ರಿಂದ. ಚಕ್ರಬಡ್ಡಿ ಬೆಳೆಯುವಂತೆಯೇ ಇದು ಬೆಳೆಯುವುದು. ೪ ರೋಗಿಗಳು ೮ ಆದಾಗ ನಿಷ್ಪತ್ತಿ ಸುಮಾರು ೨.೨೯ ಪಟ್ಟಾಗುತ್ತದೆ. ನಮ್ಮ ಉದಾಹರಣೆಯಲ್ಲಿ ಬಳಲಿದವರು ನೂರಕ್ಕೆ ೨೦ರಿಂದ ಸುಮಾರು ೩೬ಕ್ಕೆ ಏರುವರು. ಮರಣದ ಲೆಕ್ಕವನ್ನೂ ಹೀಗೆಯೇ ಮಾಡಿದರೆ, ೪ ರೋಗಿಗಳು ೮ ಆದಾಗ ಅದರ ಸಂಭವ ಶೇಕಡಾ ೩೧ರಷ್ಟು ಹೆಚ್ಚುತ್ತದೆ.

ದಾದಿಯ ಹೊರೆಗೂ ರೋಗಿಯ ಪ್ರಾಣಕ್ಕೂ ಏನು ನಂಟು? ಶಸ್ತ್ರಚಿಕಿತ್ಸೆಯಾದ ರೋಗಿಗಳಲ್ಲಿ ತೊಡಕುಗಳು ಎಲ್ಲಿಯಾದರೂ ಕಾಣಿಸಿಕೊಳ್ಳುತ್ತವೆ. ಮೇಲಿನ ಅಧ್ಯಯನದಲ್ಲಿ ಶೇಕಡಾ ೨೩ ಮಂದಿಗೆ ದೊಡ್ಡ ತೊಡಕುಗಳು ಬಂದಿದ್ದವು. ಅವು ಸಾಮಾನ್ಯವಾಗಿ ಹೇಳದೆ ಕೇಳದೆ ಬರುವುದಿಲ್ಲ. ಉಸಿರು ಸ್ವಲ್ಪ ವೇಗವಾಗುತ್ತದೆ, ನಾಡಿ ಏರುತ್ತದೆ, ರೋಗಿ ಅರ್ಥವಿಲ್ಲದ ಮಾತನಾಡತೊಡಗುತ್ತಾನೆ, ಕೈಕಾಲು ತಣ್ಣಗಾಗುತ್ತವೆ. ಈ ಸೂಚನೆಗಳನ್ನು ಮೊದಲು ಕಾಣಬಲ್ಲವಳು ಪಕ್ಕದಲ್ಲಿರುವ ದಾದಿ. ಅವಳು ಕಂಡು ವೈದ್ಯರನ್ನು ಕರೆದರೆ ರೋಗಿ ಉಳಿಯಬಹುದು. ಎಂಟು ಹಾಸಿಗೆಗಳ ನಡುವೆ ಓಡಾಡುವವಳಿಗೆ ಎಂಟನೆಯವನ ಉಸಿರನ್ನು ಎಣಿಸುವ ಬಿಡುವೆಲ್ಲಿ? ಅವನ ಬಳಿಗೆ ಹೋಗಬೇಕೆಂದು ಅವಳಿಗೆ ಗೊತ್ತು, ಹೋಗಲಾಗುವುದಿಲ್ಲ. ಸರಿಯಾದುದು ಯಾವುದೆಂದು ತಿಳಿದೂ, ಸಂಸ್ಥೆಯ ಕಟ್ಟುಗಳಿಂದಾಗಿ ಅದನ್ನು ಮಾಡಲಾಗದ ಈ ಸಂಕಟವನ್ನು ಆಂಡ್ರೂ ಜೇಮ್ಟನ್ ಎಂಬ ತತ್ತ್ವಶಾಸ್ತ್ರಜ್ಞ ೧೯೮೪ರಲ್ಲಿ ‘ನೈತಿಕ ಸಂಕಟ’ವೆಂದು ಹೆಸರಿಸಿದ. ಒಳ್ಳೆಯ ದಾದಿಯೇ ಇದರಿಂದ ಹೆಚ್ಚು ನೋಯುತ್ತಾಳೆ.

ನೊಂದವರು ಕೆಲಸವನ್ನು ಬಿಡುತ್ತಾರೆ. ಅದೇ ಅಧ್ಯಯನದಲ್ಲಿ, ಬಳಲಿಕೆಯೂ ಅತೃಪ್ತಿಯೂ ಎರಡೂ ಇದ್ದ ದಾದಿಯರಲ್ಲಿ ಶೇಕಡಾ ೪೩ ಮಂದಿ ಒಂದು ವರ್ಷದೊಳಗೆ ಕೆಲಸವನ್ನು ಬಿಡುವೆವೆಂದರು. ಎರಡೂ ಇಲ್ಲದವರಲ್ಲಿ ಹಾಗೆಂದವರು ಶೇಕಡಾ ೧೧ ಮಾತ್ರ. ಒಬ್ಬರು ಬಿಟ್ಟರೆ ಅವರ ರೋಗಿಗಳು ಉಳಿದವರ ಪಾಲಿಗೆ ಬರುತ್ತಾರೆ. ಹೊರೆ ಹೆಚ್ಚಿ ಮತ್ತೊಬ್ಬರು ಬಿಡುತ್ತಾರೆ.

ಸಂಬಂಧವೊ, ಕಾರಣವೊ?

ಇಲ್ಲಿ ಜಾಣ ವಿದ್ಯಾರ್ಥಿಯೊಬ್ಬ ಆಕ್ಷೇಪವೆತ್ತಬಹುದು. ಎರಡು ಸಂಗತಿಗಳು ಜೊತೆಯಾಗಿ ಕಂಡವೆಂದು ಒಂದು ಇನ್ನೊಂದಕ್ಕೆ ಕಾರಣವಾದೀತೆ? ದಾದಿಯರು ಕಡಮೆಯಿರುವ ಆಸ್ಪತ್ರೆ ಬಡ ಆಸ್ಪತ್ರೆಯಾಗಿರಬಹುದು. ಅಲ್ಲಿಗೆ ಬರುವ ರೋಗಿಗಳೇ ಹೆಚ್ಚು ನಿತ್ರಾಣರಾಗಿರಬಹುದು. ಆಕ್ಷೇಪ ನ್ಯಾಯವಾದುದೇ. ಸಂಶೋಧಕರು ರೋಗಿಯ ವಯಸ್ಸು, ಇತರ ರೋಗಗಳು, ಶಸ್ತ್ರಚಿಕಿತ್ಸೆಯ ಬಗೆ, ಆಸ್ಪತ್ರೆಯ ಗಾತ್ರ ಮುಂತಾದುವನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಆದರೂ ಸಂದೇಹ ಪೂರ್ಣವಾಗಿ ತೀರಬೇಕಾದರೆ ಪ್ರಯೋಗ ಬೇಕು. ರೋಗಿಗಳ ಮೇಲೆ ಅಂಥ ಪ್ರಯೋಗ ನಡೆಸುವುದು ಸುಲಭವಲ್ಲ.

ಆಸ್ಟ್ರೇಲಿಯಾದ ಕ್ವೀನ್ಸ್‌ಲೆಂಡ್ ರಾಜ್ಯ ಅರಿಯದೆಯೇ ಅಂಥದೊಂದು ಪ್ರಯೋಗಕ್ಕೆ ಅವಕಾಶವನ್ನು ಒದಗಿಸಿತು. ೨೦೧೬ರಲ್ಲಿ ಅಲ್ಲಿನ ಕೆಲವು ಸರ್ಕಾರಿ ಆಸ್ಪತ್ರೆಗಳಲ್ಲಿ ಹಗಲಿಗೆ ಸರಾಸರಿ ೪ ರೋಗಿಗಳಿಗೆ, ರಾತ್ರಿಗೆ ೭ ರೋಗಿಗಳಿಗೆ ಒಬ್ಬ ದಾದಿಯಾದರೂ ಇರಬೇಕೆಂದು ಕಾನೂನಾಯಿತು. ಈ ಕಾನೂನಿಗೆ ಒಳಪಟ್ಟ ೨೭ ಆಸ್ಪತ್ರೆಗಳನ್ನೂ ಒಳಪಡದ ೨೮ ಆಸ್ಪತ್ರೆಗಳನ್ನೂ, ಕಾನೂನಿನ ಮೊದಲು ಮತ್ತು ಅನಂತರ, ಹೋಲಿಸಿ ನೋಡಿದ ಅಧ್ಯಯನ ೨೦೨೧ರಲ್ಲಿ ಪ್ರಕಟವಾಯಿತು. ಮೊದಲನೆಯ ಗುಂಪಿನಲ್ಲಿ ಮರಣದ ಸಂಭವ ಇಳಿದಿತ್ತು, ಎರಡನೆಯದರಲ್ಲಿ ಇಳಿದಿರಲಿಲ್ಲ. ಹೆಚ್ಚು ದಾದಿಯರನ್ನು ನೇಮಿಸಲು ತಗುಲಿದ ವೆಚ್ಚದ ಎರಡರಷ್ಟಕ್ಕಿಂತಲೂ ಹೆಚ್ಚು ಹಣ ಉಳಿದಿತ್ತೆಂದೂ ಲೆಕ್ಕ ತೋರಿತು. ಏಕೆಂದರೆ ರೋಗಿಗಳು ಬೇಗ ಮನೆಗೆ ಹೋಗುತ್ತಿದ್ದರು, ಮರಳಿ ಬಂದು ಸೇರುವವರೂ ಕಡಮೆಯಾಗಿದ್ದರು.

ಬಳಲಿದವರಿಗೆ ಧ್ಯಾನವನ್ನೂ ಧೈರ್ಯವನ್ನೂ ಬೋಧಿಸುವ ತರಗತಿಗಳು ಇಂದು ಅನೇಕ ಆಸ್ಪತ್ರೆಗಳಲ್ಲಿ ನಡೆಯುತ್ತವೆ. ಅವು ಬೇಡವೆಂದು ನಾವು ಹೇಳುವುದಿಲ್ಲ. ಆದರೆ ೨೦೨೩ರಲ್ಲಿ ಪ್ರಕಟವಾದ, ಅಮೆರಿಕದ ೬೦ ಆಸ್ಪತ್ರೆಗಳ ವೈದ್ಯರನ್ನೂ ದಾದಿಯರನ್ನೂ ಪ್ರಶ್ನಿಸಿದ ಸಮೀಕ್ಷೆಯಲ್ಲಿ, ದಾದಿಯರಲ್ಲಿ ಶೇಕಡಾ ೪೭ ಮಂದಿ, ವೈದ್ಯರಲ್ಲಿ ಶೇಕಡಾ ೩೨ ಮಂದಿ ತೀವ್ರ ಬಳಲಿಕೆಯಲ್ಲಿದ್ದರು. ಇಂಥ ತರಗತಿಗಳಿಗಿಂತ ಹೆಚ್ಚಾಗಿ ಅವರು ಬಯಸಿದ್ದು ವಾರ್ಡಿಗೆ ಸಾಕಷ್ಟು ದಾದಿಯರನ್ನು. ಹೊರೆಯನ್ನು ಇಳಿಸದೆ ಹೊರುವವನಿಗೆ ತಾಳ್ಮೆಯನ್ನು ಬೋಧಿಸಿದರೆ ಆಗುವ ಪ್ರಯೋಜನ ಅಷ್ಟಕ್ಕಷ್ಟೆ.

ನಮ್ಮ ದೇಶದಲ್ಲಿ

ನಮ್ಮಲ್ಲಿ ೧೯೪೬ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಶುಶ್ರೂಷೆಯ ಬಿ.ಎಸ್‌ಸಿ. ವ್ಯಾಸಂಗ ಆರಂಭವಾಯಿತು, ೧೯೫೯ರಲ್ಲಿ ದೆಹಲಿಯಲ್ಲಿ ಎಂ.ಎಸ್‌ಸಿ. ಬಂದಿತು. ಈ ಶತಮಾನದ ಮೊದಲ ದಶಕದಲ್ಲಿ ಭಾರತೀಯ ಶುಶ್ರೂಷಾ ಪರಿಷತ್ತು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯದೊಡನೆ ಕೂಡಿ ಈ ವಿಷಯದಲ್ಲಿ ಪಿಎಚ್.ಡಿ. ಸಂಶೋಧನೆಗೆ ರಾಷ್ಟ್ರೀಯ ವ್ಯವಸ್ಥೆಯೊಂದನ್ನು ಏರ್ಪಡಿಸಿತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಾನಸಿಕ ಆರೋಗ್ಯದ ಶುಶ್ರೂಷೆಯನ್ನೇ ವಿಶೇಷವಾಗಿ ಕಲಿಯಬಹುದು. ಆದುದರಿಂದ ಈ ಮಾರ್ಗವನ್ನು ಹಿಡಿಯಬಯಸುವ ವಿದ್ಯಾರ್ಥಿ ದೂರ ಹೋಗಬೇಕಾಗಿಲ್ಲ.

ಮಾಡತಕ್ಕ ಕೆಲಸವೂ ಬೇಕಾದಷ್ಟಿದೆ. ಬೋಧನಾಸ್ಪತ್ರೆಯ ಸಾಮಾನ್ಯ ವಾರ್ಡಿನಲ್ಲಿ ೩ ರೋಗಿಗಳಿಗೆ ಒಬ್ಬ, ಇತರ ಆಸ್ಪತ್ರೆಗಳಲ್ಲಿ ೫ ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂಬುದು ಪರಿಷತ್ತಿನ ಸೂತ್ರ. ಅನೇಕ ವಾರ್ಡುಗಳಲ್ಲಿ ಈ ಸೂತ್ರ ಕಾಗದದ ಮೇಲೆಯೇ ಉಳಿದಿದೆ. ನಮ್ಮ ವಾರ್ಡುಗಳಲ್ಲಿ ರೋಗಿಯ ನೆಂಟರು ಹಾಸಿಗೆಯ ಬಳಿ ಕುಳಿತು ದಾದಿಯ ಕೆಲಸದ ಒಂದು ಪಾಲನ್ನು ಮಾಡುವುದುಂಟು. ಪೆನ್ಸಿಲ್ವೇನಿಯಾದ ಲೆಕ್ಕ ಇಲ್ಲಿಗೆ ಹಾಗೆಯೇ ಹೊಂದುವುದೊ ಇಲ್ಲವೊ ಎಂಬುದನ್ನು ಇಲ್ಲಿಯೇ ಅಳೆದು ನೋಡಬೇಕು.

ಇದು ಯಾರೋ ಕೆಲವರ ಕಷ್ಟವೆಂದು ತಳ್ಳಿಹಾಕುವಂತಿಲ್ಲ. ಕೋವಿಡ್ ಪಿಡುಗಿನಲ್ಲಿ, ೨೦೨೦ರ ಜನವರಿಯಿಂದ ೨೦೨೧ರ ಮೇ ತಿಂಗಳವರೆಗೆ, ಲೋಕದಲ್ಲೆಲ್ಲ ೮೦,೦೦೦ದಿಂದ ೧,೮೦,೦೦೦ದವರೆಗೆ ಆರೋಗ್ಯಸೇವಕರು ಮಡಿದಿರಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತು. ೨೦೨೩ರಲ್ಲಿ ಜಗತ್ತಿನಲ್ಲಿ ೨ ಕೋಟಿ ೯೮ ಲಕ್ಷ ದಾದಿಯರಿದ್ದರು. ಆದರೂ ೫೮ ಲಕ್ಷ ಮಂದಿಯ ಕೊರತೆಯಿತ್ತೆಂದು ಅದೇ ಸಂಸ್ಥೆಯ ವರದಿ ಹೇಳುತ್ತದೆ. ನಾವು ಪ್ರತಿಯೊಬ್ಬರೂ ಒಂದಲ್ಲ ಒಂದು ದಿನ ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗುವವರೇ. ಆಗ ನಮ್ಮ ನಾಡಿಯನ್ನು ಹಿಡಿಯುವವಳ ಪಾಲಿಗೆ ನಾವು ನಾಲ್ಕನೆಯವರೊ ಎಂಟನೆಯವರೊ ಎಂಬುದು ಅವಳ ನೆಮ್ಮದಿಯ ಪ್ರಶ್ನೆಯೂ ಹೌದು, ನಮ್ಮ ಪ್ರಾಣದ ಪ್ರಶ್ನೆಯೂ ಹೌದು.