ಮಾಡದ ಸಾಲಕ್ಕೆ ಹೆದರುವುದೇಕೆ?

ಪ್ರವೇಶ, ವಿದ್ಯಾರ್ಥಿವೇತನ, ಸಿಮ್ ಕಾರ್ಡು ಎಂದು ಮಂಡ್ಯ, ಮದ್ದೂರು, ಮಳವಳ್ಳಿಯ ವಿದ್ಯಾರ್ಥಿಗಳು ಅಲ್ಲಲ್ಲಿ ಆಧಾರ್, ಪ್ಯಾನ್ ಜೆರಾಕ್ಸ್ ಕೊಡುತ್ತಲೇ ಇರುತ್ತಾರೆ. ಅದು ವಂಚಕರ ಕೈಸೇರಿದರೆ ನಿಮ್ಮ ಹೆಸರಿನಲ್ಲಿ ಸಾಲ ಹುಟ್ಟಬಹುದು. ವಸೂಲಿಗಾರ ಬಾಗಿಲಿಗೇ ಬರಬಹುದು.

ಹೆದರಿ ಒಂದು ಕಂತನ್ನೂ ಕಟ್ಟಬೇಡಿ. ಅದು ಸಾಲ ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಾದೀತು. ಸಾಲದ ಸಂಖ್ಯೆ, ಸಹಿ ಮಾಡಿದ ಪತ್ರ, ಹಣ ಜಮೆಯಾದ ಖಾತೆಯ ವಿವರವನ್ನು ಬರಹದಲ್ಲಿ ಕೇಳಿ. 1930ಕ್ಕೆ ಕರೆ ಮಾಡಿ, ಠಾಣೆಯಲ್ಲೂ ದೂರು ಕೊಡಿ. ಅದರ ಪ್ರತಿಯನ್ನು ಸಾಲ ಕೊಟ್ಟ ಸಂಸ್ಥೆಗೂ ಸಿಬಿಲ್‌ನಂಥ ಸಾಲಮಾಹಿತಿ ಕಂಪನಿಗೂ ಕಳಿಸಿ. ಸಂಸ್ಥೆ 30 ದಿನಗಳಲ್ಲಿ ಉತ್ತರಿಸದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಬರೆಯಿರಿ.

ನಿಜವಾಗಿ ಸಾಲ ಪಡೆದವರನ್ನೂ ಪೀಡಿಸುವಂತಿಲ್ಲ. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ವಸೂಲಿಯ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. 2025ರ ಜನವರಿಯಲ್ಲಿ ಮಳವಳ್ಳಿ ತಾಲ್ಲೂಕಿನ ಮಹಿಳೆಯೊಬ್ಬರು ಮೈಕ್ರೋ ಫೈನಾನ್ಸ್ ಸಾಲದ ಒತ್ತಡದಲ್ಲಿ ಪ್ರಾಣ ಕಳೆದುಕೊಂಡರು. ಮರುತಿಂಗಳೇ ರಾಜ್ಯ ಸುಗ್ರೀವಾಜ್ಞೆ ತಂದಿತು: ಬಲವಂತದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷ ರೂಪಾಯಿವರೆಗೆ ದಂಡ.

ಜೆರಾಕ್ಸ್ ಮೇಲೆ ಉದ್ದೇಶ, ದಿನಾಂಕ ಬರೆದೇ ಕೊಡಿ. ಸಾಲಮಾಹಿತಿ ವರದಿ ವರ್ಷಕ್ಕೊಮ್ಮೆ ಉಚಿತ, ತರಿಸಿ ನೋಡಿ. ಪೋಷಕರೇ, ಮಕ್ಕಳಿಗೆ ಇಂಥ ಕರೆ ಬಂದರೆ ಮೊದಲು ಬೈಯಬೇಡಿ. ಜೊತೆಗೆ ಕುಳಿತು ದೂರು ಬರೆಯಿರಿ.