ಮೊಳಕೆ ನೋಡಿ ಆರಿಸುವ ಆಟ



‘ಬೆಳೆಯುವ ಸಿರಿ ಮೊಳಕೆಯಲ್ಲಿ’ ಅಂತ ಗಾದೆ ಇದೆ. ಅಮೆರಿಕದ ಎನ್.ಬಿ.ಎ. ಬಾಸ್ಕೆಟ್‌ಬಾಲ್ ತಂಡಗಳು ಪ್ರತಿ ವರ್ಷ ಇಂಥ ಮೊಳಕೆಗಳನ್ನೇ ಹುಡುಕುತ್ತವೆ. ಹೊಸ ಆಟಗಾರರನ್ನು ಸರದಿಯಂತೆ ಆರಿಸುವ ಇದಕ್ಕೆ ‘ಡ್ರಾಫ್ಟ್’ ಎನ್ನುವರು. ಎಲ್ಲಾ ತಂಡಗಳೂ ಸಮ ಆಗಲಿ ಅಂತ, ಹೆಚ್ಚು ಸೋತ ತಂಡಕ್ಕೆ ಮೊದಲು ಆರಿಸುವ ಅವಕಾಶ ಹೆಚ್ಚು.

ಆರಿಸುವ ಮುಂಚೆ ಹುಡುಗರ ಆಟ ನೋಡುತ್ತಾರೆ. ಶೂ ಬಿಚ್ಚಿಸಿ ಎತ್ತರ ಅಳೆಯುತ್ತಾರೆ. ಎರಡೂ ಕೈ ಚಾಚಿಸಿ ಬೆರಳಿನ ತುದಿಯಿಂದ ತುದಿಗೆ ಅಳೆಯುತ್ತಾರೆ. ಏಕೆಂದರೆ ಕೈ ಉದ್ದವಿದ್ದರೆ ಚೆಂಡು ತಡೆಯುವುದು ಸುಲಭ. ಎಷ್ಟು ಮೇಲಕ್ಕೆ ನೆಗೆಯುತ್ತಾರೆ, ಎಷ್ಟು ಬೇಗ ಓಡುತ್ತಾರೆ ಅಂತಲೂ ಪರೀಕ್ಷೆ ಇದೆ.

ಆದರೂ ಲೆಕ್ಕ ತಪ್ಪುತ್ತದೆ! 1984ರಲ್ಲಿ ಪೋರ್ಟ್‌ಲ್ಯಾಂಡ್ ತಂಡ ಎರಡನೆಯವರಾಗಿ 7 ಅಡಿ 1 ಅಂಗುಲದ ಸ್ಯಾಮ್ ಬೋವಿಯನ್ನು ಆರಿಸಿತು. ಕಾಲಿನ ಪೆಟ್ಟಿನಿಂದ ಅವರು ಎಷ್ಟೋ ಪಂದ್ಯ ಆಡಲಾಗಲಿಲ್ಲ. ಮೂರನೆಯವರಾಗಿ ಶಿಕಾಗೊ ತಂಡಕ್ಕೆ ಸಿಕ್ಕವರು ಮೈಕೆಲ್ ಜೋರ್ಡನ್. ಅವರು ತಂಡವನ್ನು 6 ಸಲ ಚಾಂಪಿಯನ್ ಮಾಡಿದರು. ಸರ್ಬಿಯಾದ ನಿಕೋಲಾ ಯೋಕಿಚ್ 2014ರಲ್ಲಿ 41ನೆಯವರು. ಅವರು ಬಹಳ ಮೇಲಕ್ಕೆ ನೆಗೆಯುವವರಲ್ಲ, ಆದರೆ ಜೊತೆಯವರಿಗೆ ಚೆಂಡು ಕೊಡುವುದರಲ್ಲಿ ಬಲು ಜಾಣರು. 2023ರಲ್ಲಿ ಡೆನ್ವರ್ ತಂಡವನ್ನು ಗೆಲ್ಲಿಸಿದರು.

ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್ 7 ಅಡಿ 2 ಅಂಗುಲ ಎತ್ತರ. 2015ರಲ್ಲಿ ಡಲ್ಲಾಸ್ ತಂಡ ಅವರನ್ನು 52ನೆಯವರಾಗಿ ಆರಿಸಿತು. ಭಾರತದಲ್ಲಿ ಹುಟ್ಟಿ ಹೀಗೆ ಆಯ್ಕೆಯಾದವರಲ್ಲಿ ಇವರೇ ಮೊದಲಿಗರು. ಆದರೆ ಎನ್.ಬಿ.ಎ. ಪಂದ್ಯ ಆಡುವ ಅವಕಾಶ ಸಿಗಲಿಲ್ಲ.

ಟೇಪು ಮೈ ಅಳೆಯುತ್ತೆ, ಬುದ್ಧಿ ಮತ್ತು ಅಭ್ಯಾಸ ಅಳೆಯಲ್ಲ. ಪ್ರಾರ್ಥನೆ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನಿಲ್ಲುವ ಗಿಡ್ಡ ನಾನು. ಗುರುಗಳೇ, ತಂಡಕ್ಕೆ ಆರಿಸುವಾಗ ಎತ್ತರ ನೋಡಿ. ಒಂದು ಸಲ ಆಡಿಸಿಯೂ ನೋಡಿ.