ಹೆಬ್ಬಾಳದ ಪೆಟ್ಟಿಗೆಗಳಲ್ಲಿ ಹುಳುಗಳ ಲೆಕ್ಕ

2008ರಲ್ಲಿ ಕೊಯಮತ್ತೂರಿನ ಪರಂಗಿ ತೋಟಗಳಲ್ಲಿ ಎಲೆ, ಕಾಂಡ, ಕಾಯಿಗಳ ಮೇಲೆಲ್ಲ ಹತ್ತಿ ಮೆತ್ತಿದಂತೆ ಬಿಳಿ ಮುದ್ದೆಗಳು ಕಾಣಿಸಿಕೊಂಡವು. ಅದು ಹಿಟ್ಟುತಿಗಣೆ. ಸ್ವಲ್ಪ ಕಾಲದಲ್ಲೇ ಕರ್ನಾಟಕಕ್ಕೂ ದಾಟಿ ಹಿಪ್ಪುನೇರಳೆಗೆ ಇಳಿಯಿತು. ಪರಂಗಿಗಾದರೆ ಔಷಧಿ ಹೊಡೆಯಬಹುದು. ಹಿಪ್ಪುನೇರಳೆಗೆ ಹೊಡೆದರೆ ಆ ಸೊಪ್ಪು ತಿನ್ನುವ ರೇಷ್ಮೆ ಹುಳುವೇ ಸಾಯಬಹುದು. ಹೊಡೆದರೂ ಪ್ರಯೋಜನ ಅಷ್ಟಕ್ಕಷ್ಟೆ, ಏಕೆಂದರೆ ಈ ತಿಗಣೆ ತನ್ನ ಮೈಮೇಲೆ, ಮೊಟ್ಟೆಚೀಲದ ಮೇಲೆ ಮೇಣ ಹೊದ್ದುಕೊಂಡಿರುತ್ತದೆ. ನೀರು ಅದರ ಮೇಲೆ ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರ ಸಿಕ್ಕಿದ್ದು ಮೊದಲು ಸೂಕ್ಷ್ಮದರ್ಶಕದ ಕೆಳಗೆ. ಹಿಟ್ಟುತಿಗಣೆಗಳಲ್ಲಿ ನೂರಾರು ಜಾತಿಗಳಿವೆ, ಬರಿಗಣ್ಣಿಗೆ ಎಲ್ಲವೂ ಒಂದೇ. ಕ್ಷಾರದಲ್ಲಿ ಒಳಗಿನ ಮಾಂಸ ಕರಗಿಸಿ, ಚರ್ಮವನ್ನಷ್ಟೇ ಉಳಿಸಿ, ಬಣ್ಣ ಹಾಕಿ, ಗಾಜಿನ ಪಟ್ಟಿಯ ಮೇಲೆ ಹರಡಿ ನೋಡಿದರೆ ಮೇಣ ಒಸರುವ ಸಣ್ಣ ಕೊಳವೆಗಳು ಕಾಣುತ್ತವೆ. ಆ ಕೊಳವೆಗಳು ಬೆನ್ನಿನ ಅಂಚಿನಲ್ಲಿ ಮಾತ್ರ ಇವೆಯೇ, ಹಿಂಗಾಲಿನಲ್ಲಿ ರಂಧ್ರಗಳಿವೆಯೇ ಎಂಬುದರ ಮೇಲೆ ಜಾತಿ ನಿರ್ಧಾರವಾಗುತ್ತದೆ. ಹಾಗೆ ನೋಡಿ ತಿಳಿದ ಹೆಸರು ಪ್ಯಾರಾಕಾಕಸ್ ಮಾರ್ಜಿನೇಟಸ್. ಅದರ ತವರು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ. ಹೆಸರು ತಿಳಿದ ಕೂಡಲೇ ಊರು ತಿಳಿಯಿತು, ಊರು ತಿಳಿದ ಕೂಡಲೇ ಅಲ್ಲಿ ಅದನ್ನು ಅಂಕೆಯಲ್ಲಿಟ್ಟಿರುವ ವೈರಿ ಯಾರೆಂಬುದೂ ತಿಳಿಯಿತು. 2010ರಲ್ಲಿ ಪೋರ್ಟೊರಿಕೊದಿಂದ ಮೂರು ಜಾತಿಯ ಪರತಂತ್ರ ಕಣಜಗಳು ಬೆಂಗಳೂರಿಗೆ ಬಂದವು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬುದು ಮಿಲಿಮೀಟರ್ ಉದ್ದವೂ ಇಲ್ಲ. ಹೆಣ್ಣು ಕಣಜ ಎಳೆಯ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಮರಿ ಒಳಗಿನಿಂದಲೇ ತಿಂದು ಬೆಳೆದು, ಒಣಗಿದ ತಿಗಣೆಯ ಚರ್ಮಕ್ಕೆ ತೂತು ಕೊರೆದು ಹೊರಬೀಳುತ್ತದೆ. ಅವುಗಳನ್ನು ಸಾಕಿ, ಹೆಚ್ಚಿಸಿ, ತೋಟಗಳಿಗೆ ಬಿಟ್ಟ ಮೇಲೆ ಹಿಟ್ಟುತಿಗಣೆ ಸೋತಿತು.

ಈ ಕೆಲಸ ನಡೆದದ್ದು ಬೆಂಗಳೂರಿನ ಹೆಬ್ಬಾಳದಲ್ಲಿ, ಬಳ್ಳಾರಿ ರಸ್ತೆಯ ಬದಿಯಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದಲ್ಲಿ. ನಗರದ ಉತ್ತರದ ಬಡಾವಣೆಗಳಾದ ಸಿಂಗಾಪುರ, ವಿದ್ಯಾರಣ್ಯಪುರದ ಕಡೆಯವರಿಗೆ ಇದರ ಇನ್ನೊಂದು ಆವರಣ ಇನ್ನೂ ಹತ್ತಿರ, ಯಲಹಂಕದ ಅಟ್ಟೂರಿನಲ್ಲಿದೆ. ಬ್ಯೂರೋದ ಬೇರು 1957ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಸಂಸ್ಥೆಯ ಭಾರತ ಕೇಂದ್ರದಲ್ಲಿದೆ. 1993ರಲ್ಲಿ ಅದು ಜೈವಿಕ ನಿಯಂತ್ರಣದ ಯೋಜನಾ ನಿರ್ದೇಶನಾಲಯವಾಯಿತು, 2009ರಲ್ಲಿ ಬ್ಯೂರೋ ಆಯಿತು. ಸ್ವಲ್ಪ ದೂರದಲ್ಲೇ ಸುಮಾರು 1,300 ಎಕರೆಯ ಜಿಕೆವಿಕೆ ಎಂಬ ಆವರಣವಿದೆ, ಅಲ್ಲಿ ಕೃಷಿ ವಿಶ್ವವಿದ್ಯಾಲಯದ ಕೀಟ ಸಂಗ್ರಹಾಲಯವಿದೆ. ಜಕ್ಕೂರಿನ ಬಳಿ ಏಟ್ರೀ ಸಂಸ್ಥೆಯ ಕೀಟ ಸಂಗ್ರಹವಿದೆ. ಬೆಂಗಳೂರಿನ ಉತ್ತರ ಭಾಗದಲ್ಲಿ ಇಷ್ಟು ಹತ್ತಿರ ಹತ್ತಿರ ಇಷ್ಟೊಂದು ಹುಳುಗಳ ದಾಖಲೆ ಇದೆಯೆಂಬುದು ಅಲ್ಲೇ ಮನೆ ಕಟ್ಟಿಕೊಂಡವರಲ್ಲೂ ಹೆಚ್ಚಿನವರಿಗೆ ಗೊತ್ತಿಲ್ಲ.

ಹುಳುವಿನ ಹೆಸರು ತಪ್ಪಿದರೆ ಏನಾಗುತ್ತದೆ? ಇದಕ್ಕೆ ಭಾರತದಲ್ಲೇ ಒಂದು ಹಳೆಯ ಉದಾಹರಣೆಯಿದೆ. ಪಾಪಾಸುಕಳ್ಳಿಯ ಮೇಲೆ ಬದುಕುವ ಕಾಚಿನೀಲ್ ಎಂಬ ಹುಳುವಿನಿಂದ ಕೆಂಪು ಬಣ್ಣ ತೆಗೆಯುತ್ತಿದ್ದರು. ಆ ವ್ಯಾಪಾರದ ಆಸೆಯಿಂದ 1795ರಲ್ಲಿ ಬ್ರೆಜಿಲ್‌ನಿಂದ ಹುಳು ತರಿಸಲಾಯಿತು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಅದರ ಕಾಡು ನೆಂಟ. ಬಣ್ಣದ ವ್ಯಾಪಾರ ನೆಲಕಚ್ಚಿತು, ಆದರೆ ಒಂದು ಜಾತಿಯ ಪಾಪಾಸುಕಳ್ಳಿಯನ್ನು ಆ ಹುಳು ತಿಂದು ಮುಗಿಸಿತು. ಪಕ್ಕದಲ್ಲೇ ಬೆಳೆದಿದ್ದ ಇನ್ನೊಂದು ಜಾತಿಯ ಕಳ್ಳಿಯನ್ನು ಮುಟ್ಟಲೇ ಇಲ್ಲ. ಅದಕ್ಕೆ ಬೇರೆಯದೇ ಕಾಚಿನೀಲ್ ಬೇಕಿತ್ತು, ಅದು ದಕ್ಷಿಣ ಭಾರತಕ್ಕೆ ಬಂದದ್ದು 1926ರಲ್ಲಿ, ಶ್ರೀಲಂಕಾದಿಂದ. ನೋಟಕ್ಕೆ ಒಂದೇ ಥರ ಇರುವ ಎರಡು ಹುಳುಗಳ ನಡುವಿನ ಅಂತರ ನೂರು ವರ್ಷಕ್ಕೂ ಮಿಗಿಲಾಯಿತು.

ಹುಳುವನ್ನು ಸರಿಯಾಗಿ ಗುರುತಿಸಬೇಕೆಂಬ ಈ ಮಾತನ್ನು ಮೈಸೂರು ಸಂಸ್ಥಾನ ಬೇಗ ಅರಿತಿತ್ತು. 1908ರಲ್ಲಿ ಕೆನಡಾದ ಲೆಸ್ಲಿ ಕೋಲ್ಮನ್ ಅವರನ್ನು ಬೆಳೆರೋಗ ಮತ್ತು ಕೀಟಗಳ ತಜ್ಞರಾಗಿ ಕರೆಸಿಕೊಂಡಿತು. ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ ದ್ರಾವಣ ಹೊಡೆಯುವುದನ್ನು ಮಲೆನಾಡಿಗೆ ಕಲಿಸಿದವರೆಂದು ಅವರನ್ನು ನಾವು ನೆನೆಯುತ್ತೇವೆ. ಜೋಳದ ಹೊಲಗಳನ್ನು ಕಾಡುತ್ತಿದ್ದ, ರೆಕ್ಕೆಯಿಲ್ಲದ ಒಂದು ಮಿಡತೆಯನ್ನೂ ಅವರು ಅಧ್ಯಯನ ಮಾಡಿದರು. 1910ರಲ್ಲಿ ಸ್ಪೇನಿನ ಕೀಟಜ್ಞ ಇಗ್ನಾಸಿಯೊ ಬೊಲಿವರ್ ಆ ಮಿಡತೆಗೆ ಕೋಲ್ಮೇನಿಯ ಸ್ಫೆನೇರಿಯಾಯ್ಡಿಸ್ ಎಂದು ಹೆಸರಿಟ್ಟರು. ಇಂದಿಗೂ ಅದು ಅದೇ ಹೆಸರಿನಲ್ಲಿದೆ.

ಇನ್ನು ಕೆಲಸದ ವಿವರಕ್ಕೆ ಬರುತ್ತೇನೆ, ನನಗೆ ಹೆಚ್ಚು ಇಷ್ಟವಾದ ಭಾಗ ಅದೇ. ಒಂದು ಜಾಗದಲ್ಲಿ ಎಷ್ಟು ಬಗೆಯ ಹುಳುಗಳಿವೆ ಎಂದು ತಿಳಿಯಲು ಒಂದೇ ಉಪಾಯ ಸಾಲದು. ಹುಲ್ಲಿನ ಮೇಲೆ ಬಲೆ ಬೀಸಬೇಕು. ರಾತ್ರಿ ಬಿಳಿ ಬಟ್ಟೆ ಕಟ್ಟಿ ದೀಪ ಹಚ್ಚಬೇಕು. ನೆಲದ ಮಟ್ಟಕ್ಕೆ ಲೋಟ ಹೂತಿಟ್ಟರೆ ಓಡಾಡುವ ಜೀರುಂಡೆ, ಜೇಡಗಳು ಬೀಳುತ್ತವೆ. ಹಳದಿ ಬಟ್ಟಲಲ್ಲಿ ಸೋಪು ಬೆರೆಸಿದ ನೀರಿಟ್ಟರೆ ಹೂವೆಂದು ಭ್ರಮಿಸಿ ಸಣ್ಣ ಕಣಜಗಳು ಇಳಿಯುತ್ತವೆ. ಕೊಡೆಯನ್ನು ತಲೆಕೆಳಗಾಗಿ ಹಿಡಿದು ಮೇಲಿನ ಕೊಂಬೆಯನ್ನು ಬಡಿದರೆ ಎಲೆಗಳ ನಡುವೆ ಅಡಗಿದ ಜೇಡಗಳು ಉದುರುತ್ತವೆ. ಇವೆಲ್ಲಕ್ಕಿಂತ ಜಾಣ ಉಪಕರಣ ಮಲೇಸ್ ಬಲೆ. ಸ್ವೀಡನ್ನಿನ ರೆನೆ ಮಲೇಸ್, ತಮ್ಮ ಡೇರೆಯೊಳಗೆ ಸಿಕ್ಕಿಬಿದ್ದ ಹುಳುಗಳು ಹೊರದಾರಿಗಾಗಿ ಮೇಲಕ್ಕೇ ಹತ್ತುವುದನ್ನು ಗಮನಿಸಿದ್ದರು. ಡೇರೆಯಾಕಾರದ ಬಲೆ ಹೊಲಿಸಿ, ಅದರ ತುದಿಯಲ್ಲಿ ಸೀಸೆ ಕಟ್ಟಿದರು. 1930ರ ದಶಕದಲ್ಲಿ ಬರ್ಮಾದಲ್ಲಿ ಅದನ್ನು ಬಳಸಿದರು. ಹಾರುವ ಹುಳು ಅಡ್ಡಗೋಡೆಗೆ ಬಡಿದು ಮೇಲೇರುತ್ತದೆ, ಸೀಸೆಯ ಆಲ್ಕೋಹಾಲಿಗೆ ಬೀಳುತ್ತದೆ. ದೀಪ ಬೇಡ, ಆಮಿಷ ಬೇಡ, ಕಾವಲೂ ಬೇಡ.

ಹಿಡಿಯುವುದು ಸುಲಭದ ಪಾಲು. ಮುಂದೆ ಬೇರ್ಪಡಿಸಿ, ಸೂಜಿಗೆ ಚುಚ್ಚಿ, ಚೀಟಿ ಬರೆಯಬೇಕು. ಜೀರುಂಡೆಗೆ ಸೂಜಿ ಚುಚ್ಚುವುದು ಬಲ ರೆಕ್ಕೆಕವಚದ ಮೇಲೆ, ನಟ್ಟನಡುವೆ ಅಲ್ಲ. ಹಾಗೆ ಮಾಡಿದರೆ ನಡುಗೆರೆಯ ಗುರುತುಗಳೂ ಇಡೀ ಎಡಭಾಗವೂ ಕೆಡದೆ ಉಳಿಯುತ್ತವೆ. ಸೂಜಿ ತಾಳದಷ್ಟು ಸಣ್ಣವನ್ನು ತ್ರಿಕೋನ ರಟ್ಟಿನ ತುದಿಗೆ ಅಂಟಿಸುತ್ತಾರೆ. ಕೆಳಗಿನ ಚೀಟಿಯಲ್ಲಿ ಊರು, ತಾರೀಖು, ಹಿಡಿದವರ ಹೆಸರು, ಯಾವ ಗಿಡದ ಮೇಲೆ ಎಂಬುದು ಇರಬೇಕು. ಚೀಟಿಯಿಲ್ಲದ ಹುಳುವಿನಿಂದ ವಿಜ್ಞಾನಕ್ಕೆ ಉಪಯೋಗವಿಲ್ಲ. ಒಂದು ಹೊಸ ಜಾತಿಗೆ ಹೆಸರಿಡುವಾಗ ಆಧಾರವಾಗಿ ಆರಿಸಿದ ಒಂದೇ ಮಾದರಿಯನ್ನು ಶಾಶ್ವತವಾಗಿ ಕಾಪಾಡಬೇಕು, ಆ ಹೆಸರಿನ ಬಗ್ಗೆ ಮುಂದೆ ಏಳುವ ಯಾವ ಜಗಳವೂ ತೀರ್ಮಾನವಾಗುವುದು ಅದನ್ನು ನೋಡಿಯೇ. ಜಿಕೆವಿಕೆಯ ಸಿ. ಎ. ವಿರಕ್ತಮಠರು ದಶಕಗಳ ಕಾಲ ಜಿಗಿಹುಳುಗಳ ಮೇಲೆ ದುಡಿದದ್ದು ಇಂಥ ತಾಳ್ಮೆಯಿಂದ. ಮಾವಿನ ಹೂಗೊಂಚಲಿನ ರಸ ಹೀರುವ ಜಿಗಿಹುಳು ಒಂದೇ ಜಾತಿಯಲ್ಲ, ಹಲವು. ಅವುಗಳನ್ನು ಬಿಡಿಸಿ ಗುರುತಿಸಲು ಅವರ ಬರಹಗಳಿಗೆ ಹೋಗಬೇಕು. ಅಂಥ ಕಣ್ಣು ಪಳಗಲು ಹಲವು ವರ್ಷ ಹಿಡಿಯುತ್ತದೆ. ಇಂದು ಡಿಎನ್‌ಎಯ ಸುಮಾರು 650 ಅಕ್ಷರಗಳ ತುಣುಕನ್ನು ಓದಿ ಜಾತಿ ಹೇಳಬಹುದು. ಆದರೆ ಆ ತುಣುಕನ್ನು ಹೋಲಿಸಲು ಸರಿಯಾಗಿ ಹೆಸರು ಹಚ್ಚಿದ ಹುಳು ಪೆಟ್ಟಿಗೆಯಲ್ಲಿ ಮೊದಲೇ ಇರಬೇಕಲ್ಲ. ಹೆಸರು ಹಚ್ಚುವವರ ಹುದ್ದೆಗಳನ್ನು ಖಾಲಿ ಬಿಟ್ಟು ಯಂತ್ರಗಳನ್ನಷ್ಟೇ ಕೊಂಡರೆ ಪ್ರಯೋಜನವಿಲ್ಲ.

ಜೇಡಗಳದು ಬೇರೆಯೇ ಕಷ್ಟ. ಅವು ಕೀಟಗಳಲ್ಲ. ಎಂಟು ಕಾಲು, ಎರಡೇ ಭಾಗದ ದೇಹ, ರೆಕ್ಕೆಯೂ ಇಲ್ಲ, ಮೀಸೆಯೂ ಇಲ್ಲ. ಹೊಟ್ಟೆ ಮೆತ್ತಗಿರುವುದರಿಂದ ಒಣಗಿಸಿದರೆ ಮುದುಡಿಹೋಗುತ್ತದೆ, ಆಲ್ಕೋಹಾಲಿನಲ್ಲೇ ಇಡಬೇಕು. ಜಾತಿಯನ್ನು ಖಚಿತವಾಗಿ ಹೇಳುವುದು ಬಲಿತ ಜೇಡದ ಜನನಾಂಗಗಳಿಂದ. ಹಾಗಾಗಿ ಮರಿ ಸಿಕ್ಕರೆ ಕುಲದ ಹೆಸರಿಗೇ ನಿಲ್ಲಬೇಕಾಗುತ್ತದೆ. ಮೋಸಗಾರರೂ ಇದ್ದಾರೆ. ಮಾವಿನ ಎಲೆ ಹೆಣೆದು ಗೂಡು ಕಟ್ಟುವ ಕೆಂಜಿಗ, ಅಂದರೆ ಮಲೆನಾಡಿನವರ ಚಗಳಿ, ಇರುವಲ್ಲೇ ಅದರಂತೆಯೇ ಕಾಣುವ ಒಂದು ನೆಗೆಜೇಡ ಇರುತ್ತದೆ. ಹೆಸರು ಮಿರ್ಮಪ್ಲಾಟ ಪ್ಲಾಟಲಿಯಾಯ್ಡಿಸ್. ಮುಂಗಾಲೆರಡನ್ನು ಎತ್ತಿ ಇರುವೆಯ ಮೀಸೆಯಂತೆ ಆಡಿಸುತ್ತದೆ. ಗಂಡಿನ ದವಡೆಗಳು ಎಷ್ಟು ದೊಡ್ಡವೆಂದರೆ, ಒಂದು ಇರುವೆ ಇನ್ನೊಂದನ್ನು ಹೊತ್ತು ಸಾಗುವಂತೆ ಕಾಣುತ್ತದೆ. ಕಚ್ಚುವ ಚಗಳಿಯನ್ನು ಹೆಚ್ಚಿನ ಬೇಟೆಗಾರರು ದೂರವಿಡುತ್ತಾರೆ, ಆ ಹೆದರಿಕೆಯೇ ಈ ಜೇಡದ ರಕ್ಷಣೆ.

2022ರಲ್ಲಿ ಜಗತ್ತಿನ ಜೇಡಗಳ ಪಟ್ಟಿ 50,000 ದಾಟಿತು. ನಮ್ಮ ಸುತ್ತಲಿನದೂ ಇನ್ನೂ ಮುಗಿದಿಲ್ಲ. 2024ರಲ್ಲಿ ಕರ್ನಾಟಕದ ಒಂದು ನೆಗೆಜೇಡಕ್ಕೆ ತೆಂಕಣ ಜಯಮಂಗಲಿ ಎಂದು ಹೆಸರಿಟ್ಟರು. ಕುಲವೂ ಹೊಸದು, ಜಾತಿಯೂ ಹೊಸದು. ಜಯಮಂಗಲಿ ಎಂದರೆ ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟುವ ನದಿಯೇ. ರಾಜಧಾನಿಯಿಂದ ಬಸ್ಸಿನಲ್ಲಿ ಹೋಗಿ ಸಂಜೆಗೆ ಮರಳಬಹುದಾದಷ್ಟು ದೂರ.

ಸಿಂಗಾಪುರದ ಕೆರೆ ಏರಿ, ಜಾರಕಬಂಡೆ ಕಾವಲು, ಯಲಹಂಕದ ಪುಟ್ಟೇನಹಳ್ಳಿ ಕೆರೆಯ ಸುತ್ತ ಉಳಿದಿರುವ ಹುಲ್ಲು ಪೊದೆಗಳಲ್ಲಿ ಇಂದು ಏನೇನಿದೆ ಎಂಬುದನ್ನು ಬರೆದಿಡಲು ದೊಡ್ಡ ಸಲಕರಣೆ ಬೇಕಿಲ್ಲ. ಹೆಬ್ಬಾಳವೆಂದು ಚೀಟಿ ಹೊತ್ತ ಹಳೆಯ ಹುಳುಗಳು ಹೊಲಗಳಿದ್ದ ಕಾಲವನ್ನು ಹೇಳುತ್ತವೆ, ಮುಂದಿನವರಿಗೆ ನಮ್ಮ ಕಾಲವನ್ನು ಹೇಳುವವೂ ಬೇಕು. ಶಾಲೆಯ ಮಕ್ಕಳು ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಜೊತೆಗೆ ತಾರೀಖು, ಜಾಗ ಮತ್ತು ಯಾವ ಗಿಡದ ಮೇಲಿತ್ತು ಎಂಬ ಮೂರು ಸಂಗತಿಗಳನ್ನು ಬರೆದಿಡಲಿ, ಐನ್ಯಾಚುರಲಿಸ್ಟ್‌ನಂಥ ತಾಣಕ್ಕೆ ಹಾಕಲಿ. ತೋಟದಲ್ಲಿ ಹಿಂದೆಂದೂ ಕಾಣದ ಹುಳು ಮುತ್ತಿದರೆ ಔಷಧಿ ಅಂಗಡಿಗೆ ಹೋಗುವ ಮೊದಲು ಒಂದಿಷ್ಟನ್ನು ಸಣ್ಣ ಸೀಸೆಯಲ್ಲಿ ಹಾಕಿ, ಎಲೆಯ ಸಮೇತ, ಹತ್ತಿರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ದು ಅದರ ಹೆಸರು ಕೇಳಿ.